ಲಿಸ್ಟಲ್ಲಿ ಎಪ್ಪತ್ತೆರಡು ಐಟಂ ಇದೆ, ಅದರಲ್ಲಿ ನಿಜವಾಗ್ಲೂ ಬೇಕಾಗಿರೋದು ಯಾವ್ದು?

ಪ್ರಶ್ನೆ: ನಮಸ್ತೆ ಸರ್. ನಾವು ಬೆಂಗಳೂರಿನವರು. ಜನವರಿಯಲ್ಲಿ ಎರಡು ರಾತ್ರಿ ಫ್ಯಾಮಿಲಿ ಸಮೇತ ಕ್ಯಾಂಪಿಂಗ್ ಮಾಡೋಣ ಅಂತಿದೀವಿ. ನಾನು, ನಮ್ಮನೆಯವರು, ಮಗಳಿಗೆ 9 ವರ್ಷ, ಮಗನಿಗೆ 4, ಜೊತೆಗೆ ನಮ್ಮತ್ತೆ, ಅವರಿಗೆ 64, ಮಂಡಿ ನೋವಿದೆ, ಬಿಪಿ ಮಾತ್ರೆ ತಗೋತಾರೆ. ಜಾಗ ಸಾಗರ ತಾಲ್ಲೂಕು ತುಮರಿ ಕಡೆ, ನಮ್ಮನೆಯವರ ಸ್ನೇಹಿತರ ಅಡಿಕೆ ತೋಟ, ಅಲ್ಲಿಂದ ಶರಾವತಿ ಹಿನ್ನೀರಿಗೆ ನಡ್ಕೊಂಡೇ ಹೋಗಬಹುದು. ವಾಟ್ಸಾಪಲ್ಲಿ ಯಾರೋ 72 ಐಟಂನ ಲಿಸ್ಟ್ ಕಳ್ಸಿದಾರೆ, ಅದನ್ನೆಲ್ಲ ತಗೊಂಡ್ರೆ ದುಡ್ಡೂ ಸಾಲಲ್ಲ, ಕಾರಿನ ಡಿಕ್ಕಿನೂ ಸಾಲಲ್ಲ. ಒಬ್ಬರು ಟೆಂಟ್ ಸುತ್ತ ಉಪ್ಪು ಹಾಕಿದ್ರೆ ಹಾವು ಬರಲ್ಲ ಅಂತಾರೆ, ಇನ್ನೊಬ್ಬರು ಚಳಿಗೆ ಒಂದು ಬಾಣಲೆಯಲ್ಲಿ ಕೆಂಡ ಇಟ್ಕೊಂಡು ಮಲಗಿ ಅಂತಾರೆ. ನಮ್ಮನೆಯವರು ಮೈನಸ್ ಐದು ಡಿಗ್ರಿ ಅಂತ ಬರ್ದಿರೋ ಸ್ಲೀಪಿಂಗ್ ಬ್ಯಾಗ್ ಐದು ತಗೊಳೋಣ ಅಂತಿದಾರೆ. ಯಾವ್ದು ಕೊಳ್ಳೋದು, ಯಾವ್ದು ಬಾಡಿಗೆಗೆ ತರೋದು, ಯಾವ್ದು ಬಿಡೋದು? ಅತ್ತೆನ ಕರ್ಕೊಂಡು ಹೋಗೋದು ಸರಿನಾ? ಅದೇ ನನಗೆ ಜಾಸ್ತಿ ಚಿಂತೆ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನಗೆ ಕಂಡಿದ್ದು ಎರಡು ಭಯ, ದುಡ್ಡು ಸುಮ್ನೆ ಹೋಗುತ್ತೇನೋ ಅನ್ನೋದು ಒಂದು, ಅಷ್ಟೆಲ್ಲ ತಗೊಂಡೂ ಮುಖ್ಯವಾದ್ದೇ ಬಿಟ್ಟು ಹೋಗುತ್ತೇನೋ ಅನ್ನೋದು ಇನ್ನೊಂದು. ಎರಡನೇ ಭಯ ನಿಜ, ಯಾಕಂದ್ರೆ ಇಂಥ ಲಿಸ್ಟ್‌ಗಳಲ್ಲಿ ಹ್ಯಾಮಕ್ ಇರುತ್ತೆ, ಬ್ಲೂಟೂತ್ ಸ್ಪೀಕರ್ ಇರುತ್ತೆ, ಕೊಡಲಿ ಇರುತ್ತೆ, ಆದ್ರೆ ಹಿನ್ನೀರಿನ ದಂಡೆಗೆ ನಾಲ್ಕು ವರ್ಷದ ಮಗುನ ಕರ್ಕೊಂಡು ಹೋಗುವಾಗ ಲೈಫ್ ಜಾಕೆಟ್ ಬೇಕು ಅಂತ ಇರಲ್ಲ.

ಫ್ಯಾಮಿಲಿಗಳನ್ನ ಟೆಂಟಿಗೆ ಕರ್ಕೊಂಡು ಹೋಗೋದೇ ನನ್ನ ಕೆಲಸ, ಅದರಲ್ಲಿ ಪದೇ ಪದೇ ನೋಡೋದೇನಂದ್ರೆ ಜನ ಪ್ಯಾಕ್ ಮಾಡೋದು ಹಗಲಿಗೆ, ಟ್ರಿಪ್ ಕೆಡೋದು ರಾತ್ರಿ. ಹಗಲು ಹೊತ್ತು ಏನಾದ್ರೂ ಇಲ್ಲ ಅಂದ್ರೆ ಪಕ್ಕದ ಊರಲ್ಲಿ ಸಿಗುತ್ತೆ, ಇಲ್ಲ ಅಂದ್ರೂ ನಡೆಯುತ್ತೆ. ರಾತ್ರಿ ಎರಡು ಗಂಟೆಗೆ ಮಗ ಚಳಿ ಅಂತ ಅಳ್ತಾ ಎದ್ರೆ, ಅತ್ತೆ ಬಾತ್‌ರೂಮಿಗೆ ಹೋಗ್ಬೇಕು ಅಂದ್ರೆ, ಮಗಳು ಮಲಗಿದಲ್ಲೇ ವಾಂತಿ ಮಾಡ್ಕೊಂಡ್ರೆ ಆಗ ಕತ್ತಲಲ್ಲಿ ಕೈಗೆ ಏನು ಸಿಗ್ಬೇಕು, ಅಲ್ಲಿಂದ ಶುರು ಮಾಡಿ ಲಿಸ್ಟ್ ಬರೀರಿ. ನಿಮ್ಮ 72 ಐಟಂನ ಈ ಪ್ರಶ್ನೆ ಇಟ್ಕೊಂಡು ಓದಿ, ಅರ್ಧಕ್ಕಿಂತ ಜಾಸ್ತಿ ತಾನಾಗೇ ಬಿದ್ದು ಹೋಗುತ್ತೆ.

ಮೊದಲು ಚಳಿ ವಿಷಯ, ಇಲ್ಲೇ ಜಾಸ್ತಿ ದುಡ್ಡು ವೇಸ್ಟ್ ಆಗೋದು. ಜನವರಿಯಲ್ಲಿ ಸಾಗರದ ಕಡೆ ಬೆಳಗಿನ ಜಾವ ಹದಿನೈದು ಡಿಗ್ರಿ ಆಸುಪಾಸಿಗೆ ಇಳಿಯುತ್ತೆ, ನೀರಿನ ಪಕ್ಕ ಇಬ್ಬನಿನೂ ಸೇರಿ ಇನ್ನೂ ಕಮ್ಮಿ ಅನ್ಸುತ್ತೆ. ಅದಕ್ಕೆ ಮೈನಸ್ ಐದರ ಬ್ಯಾಗ್ ಬೇಡವೇ ಬೇಡ. ಅದೂ ಅಲ್ದೆ ಅಂಗಡಿಯವರು ದೊಡ್ಡ ಅಕ್ಷರದಲ್ಲಿ ಬರೆಯೋ ನಂಬರ್ ಎಷ್ಟೋ ಸಲ ಆರಾಮಾಗಿ ನಿದ್ದೆ ಮಾಡೋ ನಂಬರ್ ಅಲ್ಲ, ಅದು ಮುದುಡ್ಕೊಂಡು ಹೇಗೋ ರಾತ್ರಿ ಕಳೆಯೋ ನಂಬರ್. ಲೇಬಲ್ ಮೇಲೆ ಕಂಫರ್ಟ್ ಅಂತ ಬೇರೆ ನಂಬರ್ ಇರುತ್ತೆ, ನೋಡಬೇಕಾದ್ದು ಅದನ್ನ. ಅದಕ್ಕಿಂತ ಮುಖ್ಯ, ಟೆಂಟಲ್ಲಿ ಚಳಿ ಆಗೋದು ಹೆಚ್ಚಾಗಿ ಮೇಲಿಂದ ಅಲ್ಲ, ಕೆಳಗಿಂದ. ನೆಲ ನಿಮ್ಮ ಮೈ ಶಾಖನ ರಾತ್ರಿಯಿಡೀ ಎಳ್ಕೊಳ್ತಾನೇ ಇರುತ್ತೆ. ಬೆಚ್ಚಗಿಡೋದು ಬ್ಯಾಗಿನ ಪದರದೊಳಗೆ ಸಿಕ್ಕಿಹಾಕ್ಕೊಂಡಿರೋ ಗಾಳಿ, ನೀವು ಅದರ ಮೇಲೆ ಮಲಗಿದ ತಕ್ಷಣ ಬೆನ್ನ ಕೆಳಗಿನ ಭಾಗ ಚಪ್ಪಟೆ ಆಗಿ ಗಾಳಿ ಹೊರಗೆ ಹೋಗುತ್ತೆ, ಅಲ್ಲಿಗೆ ಎಷ್ಟೇ ದುಬಾರಿ ಬ್ಯಾಗ್ ಆದ್ರೂ ಕೆಳಗಡೆ ಕೆಲಸ ಮಾಡಲ್ಲ. ಹಾಗಾಗಿ ಐದು ಸ್ಲೀಪಿಂಗ್ ಬ್ಯಾಗಿನ ದುಡ್ಡಲ್ಲಿ ಸ್ವಲ್ಪ ಭಾಗ ಹಾಕಿ ಫೋಮ್ ಮ್ಯಾಟ್ ತಗೊಳಿ, ನೀರು ಹೀರದೇ ಇರೋ ಜಾತಿದು, ಒಬ್ಬೊಬ್ಬರಿಗೆ ಎರಡೆರಡು ಹಾಸಿ. ಅದರ ಮೇಲೆ ಮನೆ ಜಮಖಾನ, ಮೈಮೇಲೆ ಮನೆ ರಜಾಯಿ, ಕಾರಲ್ಲಿ ಹೋಗೋರಿಗೆ ಇಷ್ಟು ಸಾಕು. ಮನೇಲಿ ಉಣ್ಣೆ ಕಂಬಳಿ ಇದ್ರೆ ಖಂಡಿತ ತಗೊಳಿ, ಸ್ವಲ್ಪ ತೇವ ಆದ್ರೂ ಅದು ಬೆಚ್ಚಗಿಡುತ್ತೆ, ಹತ್ತಿ ಬಟ್ಟೆ ತೇವ ಆದ್ರೆ ಉಲ್ಟಾ ಶಾಖ ಎಳೆಯುತ್ತೆ. ಗಾಳಿ ತುಂಬೋ ಬೆಡ್ ಮೆತ್ತಗಿರುತ್ತೆ ಅಂತ ಸುಮಾರು ಜನ ತರ್ತಾರೆ, ಅದರೊಳಗಿನ ಗಾಳಿ ಓಡಾಡ್ತಾ ನೆಲದ ತಂಪನ್ನ ಮೇಲೆ ತರುತ್ತೆ, ಅದನ್ನೇ ಬಳಸ್ತೀರಿ ಅಂದ್ರೆ ಮೈ ಕೆಳಗೆ ಒಂದು ಕಂಬಳಿ ಹಾಸ್ಲೇಬೇಕು.

ಮಕ್ಕಳಿಗೆ ಇನ್ನೊಂದು ಮಾತು. ಸಣ್ಣ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತೆ, ಅದರ ಮೇಲೆ ನಿದ್ದೇಲಿ ಹೊದಿಕೆ ಒದ್ದು ಹಾಕ್ತಾರೆ. ಇದಕ್ಕೆ ಮಲಗೋಕೆ ಅಂತಲೇ ಬೇರೆ ಒಂದು ಜೊತೆ ಬಟ್ಟೆ, ಕಾಲ್ಚೀಲ, ಕಿವಿ ಮುಚ್ಚೋ ಟೊಪ್ಪಿ ಒಂದು ಕವರಲ್ಲಿ ಕಟ್ಟಿಡಿ, ಸಂಜೆವರೆಗೂ ಅದನ್ನ ಮುಟ್ಟಬೇಡಿ. ಹಗಲೆಲ್ಲ ಆಡಿ ಬೆವೆತ ಬಟ್ಟೆಯಲ್ಲೇ ಮಲಗಿಸಿದ್ರೆ ಮಧ್ಯರಾತ್ರಿ ಎದ್ದೇ ಏಳ್ತಾರೆ.

ಇನ್ನು ಕೆಂಡ. ದಯವಿಟ್ಟು ಬೇಡ, ಇದೊಂದರಲ್ಲಿ ಸ್ವಲ್ಪ ಮಾಡಬಹುದು ಅನ್ನೋದೇ ಇಲ್ಲ. ಹೊಗೆ ಬರ್ತಿಲ್ಲ, ಕೆಂಪಗೆ ನಿಗಿನಿಗಿ ಅಂತಿದೆ, ಅಂದ್ರೆ ಸೇಫ್ ಅಂತ ಜನ ಅನ್ಕೋತಾರೆ, ಆದ್ರೆ ಹೊಗೆ ಇಲ್ಲದ ಇದ್ದಿಲ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡ್ತಾ ಇರುತ್ತೆ, ಅದಕ್ಕೆ ವಾಸನೆ ಇಲ್ಲ ಬಣ್ಣ ಇಲ್ಲ, ನಿದ್ದೆಯಲ್ಲಿರೋರಿಗೆ ಗೊತ್ತಾಗೋದೇ ಇಲ್ಲ. ಕಿಟಕಿ ಇಲ್ಲದ ಬಾತ್‌ರೂಮಲ್ಲಿ ಗ್ಯಾಸ್ ಗೀಸರ್‌ನಿಂದ ಸತ್ತವರ ಸುದ್ದಿ ಬೆಂಗಳೂರಲ್ಲಿ ಓದಿರ್ತೀರಲ್ಲ, ಅಲ್ಲಿ ಕೊಲ್ಲೋದೂ ಇದೇ ಗ್ಯಾಸ್. ಜಿಪ್ ಸ್ವಲ್ಪ ತೆಗೆದಿಟ್ರೆ ಆಗುತ್ತಾ ಅಂದ್ರೆ ಆಗಲ್ಲ. ಸ್ಟವ್‌ದೂ ಅದೇ ಕಥೆ, ಮಳೆ ಬಂದ್ರೂ ಟೆಂಟ್ ಒಳಗೆ ಹಚ್ಚಬೇಡಿ. ಬೆಚ್ಚಗೆ ಬೇಕು ಅಂದ್ರೆ ರಬ್ಬರಿನ ಹಾಟ್ ವಾಟರ್ ಬ್ಯಾಗಿಗೆ ಬಿಸಿ ನೀರು ತುಂಬಿ ಟವೆಲ್ ಸುತ್ತಿ ಅತ್ತೆಯವರ ಕಾಲ ಹತ್ರ ಇಡಿ, ಅವರ ಮಂಡಿಗೂ ಹಿತವಾಗಿರುತ್ತೆ.

ಟೆಂಟ್ ಬಾಡಿಗೆಗೆ ತನ್ನಿ, ಮೊದಲ ಸಲಕ್ಕೆ ಕೊಳ್ಳೋದು ಬೇಡ. ನಾಲ್ಕು ಜನದ ಟೆಂಟ್ ಅಂದ್ರೆ ನಾಲ್ಕು ಜನ ಭುಜಕ್ಕೆ ಭುಜ ತಾಗಿಸಿ ಮಲಗೋದು ಅಂತ, ಬ್ಯಾಗಿಗೆ ಜಾಗ ಇರಲ್ಲ. ನಿಮಗೆ ಆರು ಜನದ್ದು ಒಂದು, ಅಥವಾ ನಾಲ್ಕು ಜನದ್ದು ಒಂದು ಮೂರು ಜನದ್ದು ಒಂದು ಪಕ್ಕಪಕ್ಕದಲ್ಲಿ. ನಾನಾದ್ರೆ ಎರಡು ಹಾಕ್ತೀನಿ, ರಾತ್ರಿ ಒಬ್ಬರು ಎದ್ರೆ ಎಲ್ಲರೂ ಏಳ್ಬೇಕಾಗಲ್ಲ. ಎರಡು ಪದರ ಇರೋದೇ ಕೇಳಿ, ಒಂದೇ ಪದರದ್ದಾದ್ರೆ ಒಳಗಿರೋರ ಉಸಿರಿನ ತೇವ ಒಳಗೇ ನಿಂತು ಬೆಳಗ್ಗೆ ಹೊತ್ತಿಗೆ ತೊಟ್ಟಿಕ್ಕುತ್ತೆ, ಆಗ ಟೆಂಟ್ ಸೋರ್ತಿದೆ ಅಂತ ಅನ್ಸುತ್ತೆ, ನಿಜಕ್ಕೂ ಅದು ನಿಮ್ಮದೇ ಉಸಿರು, ಮೇಲಿನ ಗಾಳಿಕಿಂಡಿ ತೆಗೆದಿಟ್ರೆ ಕಮ್ಮಿ ಆಗುತ್ತೆ. ಕೆಳಗೆ ಹಾಸೋ ಟಾರ್ಪಾಲ್ ಟೆಂಟಿನ ಅಂಚಿಗಿಂತ ಹೊರಗೆ ಚಾಚ್ಕೊಂಡಿರಬಾರದು, ಚಾಚ್ಕೊಂಡ್ರೆ ಮಳೆ ನೀರನ್ನ ಹಿಡಿದು ನಿಮ್ಮ ಕೆಳಗೇ ತರುತ್ತೆ. ಮತ್ತೆ ಆ ಕಡೆ ನೆಲ ಜಂಬಿಟ್ಟಿಗೆ, ಬೇಸಿಗೆ ಕಡೆಗೆ ಹೋಗ್ತಾ ಗಟ್ಟಿ ಆಗುತ್ತೆ, ಟೆಂಟ್ ಜೊತೆ ಕೊಡೋ ತೆಳು ಗೂಟಗಳು ಬಾಗಿ ಹೋಗ್ತವೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಗಟ್ಟಿ ಕಬ್ಬಿಣದ ಗೂಟ ಒಂದು ಹನ್ನೆರಡು, ಒಂದು ಸುತ್ತಿಗೆ ತಗೊಂಡುಬಿಡಿ. ಹೋಗೋ ಮುಂಚೆ ಮನೆ ತಾರಸಿ ಮೇಲೆ ಒಂದು ಸಲ ಕಟ್ಟಿ ನೋಡಿ, ಸಾಧ್ಯವಾದ್ರೆ ಮಕ್ಕಳ ಜೊತೆ ಅಲ್ಲೇ ಒಂದು ರಾತ್ರಿ ಮಲಗಿ. ಏನು ಬಿಟ್ಟು ಹೋಗಿದೆ ಅನ್ನೋದು ಆ ರಾತ್ರಿಯೇ ಗೊತ್ತಾಗುತ್ತೆ, ನನ್ನ ಲಿಸ್ಟ್ ಕೂಡ ಅಷ್ಟು ಸರಿಯಾಗಿ ಹೇಳಲ್ಲ.

ಹಾವಿನ ವಿಷಯಕ್ಕೆ ಬರ್ತೀನಿ. ಉಪ್ಪು, ಬೆಳ್ಳುಳ್ಳಿ, ಫಿನಾಯಿಲ್, ಕಾರ್ಬಾಲಿಕ್ ಆಸಿಡ್ ಇವನ್ನೆಲ್ಲ ಹಿರಿಯರು ಕಾಳಜಿಯಿಂದಲೇ ಹೇಳೋದು, ಆದ್ರೆ ಹಾವು ಉಪ್ಪಿನ ಗೆರೆ ದಾಟ್ಕೊಂಡು ಆರಾಮಾಗಿ ಹೋಗುತ್ತೆ, ಆಸಿಡ್ ಅಂತೂ ಮಕ್ಕಳ ಚರ್ಮ ಸುಡುತ್ತೆ. ನಿಜವಾಗಿ ಕೆಲಸ ಮಾಡೋದು ಟೆಂಟಿನ ಜಿಪ್. ನೆಲಕ್ಕೆ ಮಲಗಿರೋರನ್ನ ರಾತ್ರಿ ಹೊತ್ತು ಕಚ್ಚೋದ್ರಲ್ಲಿ ಕಟ್ಟು ಹಾವು ಮುಖ್ಯ, ಅದು ಕಚ್ಚಿದ್ದು ಎಷ್ಟೋ ಸಲ ನೋವೇ ಗೊತ್ತಾಗಲ್ಲ, ಗುರುತೂ ಸರಿಯಾಗಿ ಕಾಣಲ್ಲ. ನೆಲದ ಜೊತೆಗೇ ಹೊಲಿದಿರೋ, ಸೊಳ್ಳೆ ಪರದೆ ಇರೋ ಟೆಂಟಿನ ಜಿಪ್ ಪೂರ್ತಿ ಹಾಕಿದ್ರೆ ಅದಕ್ಕೆ ಒಳಗೆ ಬರೋ ದಾರಿ ಇಲ್ಲ. ಹಗಲಲ್ಲೂ ಜಿಪ್ ಹಾಕಿರಬೇಕು, ಇದನ್ನ ಮಗನಿಗೆ ಆಟದ ಥರ ರೂಢಿ ಮಾಡ್ಸಿ. ತಿಂಡಿ ಟೆಂಟ್ ಒಳಗೆ ಬೇಡ, ಚೂರು ಬಿದ್ರೆ ಇಲಿ ಬರುತ್ತೆ, ಇಲಿ ಹಿಂದೆ ಹಾವು ಬರುತ್ತೆ. ಶೂ ಹೊರಗೆ ಬಿಡದೆ ಕವರಲ್ಲಿ ಹಾಕಿ ಒಳಗಿಡಿ, ಹಾಕ್ಕೊಳೋ ಮುಂಚೆ ಕೊಡವಿ, ಚೇಳಿಗೂ ಇದೇ ಮದ್ದು. ರಾತ್ರಿ ಹೊರಗೆ ಕಾಲಿಟ್ರೆ ಶೂ ಮತ್ತು ಟಾರ್ಚ್ ಎರಡೂ ಬೇಕು. ಅದಕ್ಕೇ ನಾನು ಹೇಳೋದು, ತಲೆಗೆ ಕಟ್ಟೋ ಹೆಡ್ ಟಾರ್ಚ್ ಐದು ಕೊಳ್ಳಿ, ನಾಲ್ಕು ವರ್ಷದವನಿಗೂ ಒಂದು, ಇದನ್ನ ಮಾತ್ರ ಬಾಡಿಗೆ ಬೇಡ, ಮೊಬೈಲ್ ಲೈಟ್ ನಂಬ್ಕೋಬೇಡಿ, ಕೈ ಖಾಲಿ ಇದ್ರೇನೇ ಅತ್ತೆ ಕೈ ಹಿಡ್ಕೊಳೋಕೆ ಆಗೋದು.

ಹಾಗೂ ಕಚ್ಚಿತು ಅಂದ್ರೆ ಹಗ್ಗ ಬಿಗಿಯೋದು, ಕೊಯ್ಯೋದು, ಬಾಯಲ್ಲಿ ಹೀರೋದು ಯಾವ್ದೂ ಬೇಡ. ಉಂಗುರ ಬಳೆ ತೆಗೀರಿ, ಕೈ ಕಾಲು ಅಲ್ಲಾಡದ ಹಾಗೆ ಒಂದು ಕೋಲಿಗೆ ಬಟ್ಟೆಯಿಂದ ಸಡಿಲವಾಗಿ ಕಟ್ಟಿ, ನಡೆಸದೆ ಎತ್ಕೊಂಡು ಕಾರಿಗೆ ಹಾಕಿ ಆಸ್ಪತ್ರೆಗೆ ಹೋಗಿ. ಹಾವು ಹುಡುಕೋಕೆ ನಿಲ್ಲಬೇಡಿ, ನಮ್ಮಲ್ಲಿ ಹಾವಿನ ವಿಷಕ್ಕೆ ಕೊಡೋ ಮದ್ದು, ಆಂಟಿವೆನಮ್, ನಾಗರ, ಕಟ್ಟು ಹಾವು, ಎರಡು ಥರದ ಮಂಡಲ ಈ ನಾಲ್ಕಕ್ಕೂ ಒಂದೇ. ತುಮರಿ ಕಡೆ ಮೊದಲು ಹಿನ್ನೀರು ದಾಟಿಸೋ ಲಾಂಚ್ ದಿನದ ಓಡಾಟ ನಿಲ್ಲಿಸಿದ ಮೇಲೆ ರಾತ್ರಿ ಆಚೆ ದಡಕ್ಕೆ ಹೋಗೋದೇ ದೊಡ್ಡ ಕಷ್ಟ ಆಗಿತ್ತು, 2025ರ ಜುಲೈಯಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಶುರುವಾದ ಮೇಲೆ ಯಾವ ಹೊತ್ತಲ್ಲಾದ್ರೂ ಕಾರಲ್ಲಿ ಸಾಗರದ ಆಸ್ಪತ್ರೆ ಕಡೆ ಹೊರಡಬಹುದು. ಹಾಗಾಗಿ ಕಾರಲ್ಲಿ ಪೆಟ್ರೋಲ್ ತುಂಬಿರ್ಲಿ, ಕಾರನ್ನ ಹೊರಡೋ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ, ಕೀ ಎಲ್ಲಿದೆ ಅಂತ ನಿಮಗೂ ಗೊತ್ತಿರ್ಲಿ. 108ಕ್ಕೆ ಫೋನ್ ಹೋಗೋ ಸಿಗ್ನಲ್ ತೋಟದಲ್ಲಿ ಎಲ್ಲಿ ಸಿಗುತ್ತೆ ಅಂತ ಹೋದ ದಿನವೇ ನೋಡಿಟ್ಕೊಳಿ.

ಈಗ ನಿಮ್ಮ ಲಿಸ್ಟಲ್ಲೂ ಇಲ್ಲದ, ನೀವೂ ಕೇಳದ ಒಂದು ವಿಷಯ, ನನ್ನ ಪ್ರಕಾರ ಆ ಜಾಗಕ್ಕೆ ಹಾವಿಗಿಂತ ಇದನ್ನ ಮೊದಲು ಯೋಚಿಸ್ಬೇಕು. ಉಣುಗು. ಅದು ಮೈಗೆ ಕಚ್ಚಿ ರಕ್ತ ಹೀರೋ ಸಣ್ಣ ಹುಳ. ಅದು ಕಚ್ಚಿ ಬರೋ ಜ್ವರ ಮಂಗನ ಕಾಯಿಲೆ, ಅಂದ್ರೆ ಕೆಎಫ್‌ಡಿ, 1957ರಲ್ಲಿ ಮೊದಲು ಗುರುತಿಸಿದ್ದೇ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ, 2018-19ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡಲ್ಲಿ ಜೋರಾಗಿ ಬಂದು ಜನ ಸತ್ತಿದ್ರು. ಇದು ಹರಡೋದು ಮರಿ ಉಣುಗಿನಿಂದ, ರಾಗಿ ಕಾಳಿನಷ್ಟೂ ಇರಲ್ಲ ಅದು, ಅದರ ಸೀಸನ್ ಸುಮಾರು ಡಿಸೆಂಬರಿಂದ ಮೇವರೆಗೆ, ಅಂದ್ರೆ ನೀವು ಹೋಗ್ತಿರೋ ಟೈಮೇ. ಇದನ್ನ ಕೇಳಿ ಟ್ರಿಪ್ಪೇ ಬಿಡಿ ಅಂತ ನಾನು ಹೇಳ್ತಿಲ್ಲ, ಅಲ್ಲಿನ ಜನ ದಿನಾ ಅಲ್ಲೇ ಬದುಕ್ತಾರೆ. ಹೊರಡೋ ಒಂದು ವಾರ ಮುಂಚೆ ಸ್ನೇಹಿತರ ಹತ್ರ, ಅಥವಾ ಅವರೂರಿನ ಆಶಾ ಕಾರ್ಯಕರ್ತೆ ಹತ್ರ ಒಂದು ಮಾತು ಕೇಳಿ, ಸುತ್ತಮುತ್ತ ಮಂಗ ಸತ್ತಿರೋದು ಅಥವಾ ಯಾರಿಗಾದ್ರೂ ಜ್ವರ ಬಂದಿರೋದು ಇದ್ಯಾ ಅಂತ, ಇದೆ ಅಂದ್ರೆ ಆ ವರ್ಷ ಬೇಡ, ಜಾಗ ಬದಲಾಯ್ಸಿ. ಇಲ್ಲ ಅಂದ್ರೆ ತಿಳಿ ಬಣ್ಣದ ಫುಲ್ ಪ್ಯಾಂಟ್ ಎಲ್ಲರಿಗೂ, ಅದರ ತುದಿ ಕಾಲ್ಚೀಲದ ಒಳಗೆ ಸಿಕ್ಕಿಸಿ. ಆರೋಗ್ಯ ಇಲಾಖೆಯವರು ಆ ಊರುಗಳಲ್ಲಿ ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಅಂತ ಕೊಡ್ತಾರೆ, ಸಿಕ್ಕಿದ್ರೆ ಕೈಕಾಲಿಗೆ ಹಚ್ಕೊಳಿ, ಸಣ್ಣವನಿಗೆ ಹಚ್ಚೋ ಮುಂಚೆ ಕೊಡೋರನ್ನೇ ಕೇಳಿ. ತರಗೆಲೆ ರಾಶಿ ಮೇಲೆ ಕೂರೋದು, ಅದರ ಮೇಲೆ ಟೆಂಟ್ ಹಾಕೋದು ಬೇಡ. ಸಂಜೆ ಬಿಸಿ ನೀರು ಸೋಪಲ್ಲಿ ಸ್ನಾನ, ಮಕ್ಕಳ ಕಿವಿ ಹಿಂದೆ, ಕಂಕುಳು, ತೊಡೆ ಸಂದು, ಸೊಂಟದ ಎಲಾಸ್ಟಿಕ್ ಸಾಲು, ಕೂದಲ ಬುಡ ಇಷ್ಟನ್ನೂ ಟಾರ್ಚ್ ಬಿಟ್ಟು ನೋಡಿ. ಕಚ್ಚಿ ಕೂತಿದ್ರೆ ಚೂಪು ತುದಿಯ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಮೇಲಕ್ಕೆ ಎಳೀರಿ, ಸೀಮೆಎಣ್ಣೆ, ಬೀಡಿ ಬೆಂಕಿ ಏನೂ ಬೇಡ. ವಾಪಸ್ ಬಂದು ಎರಡು ವಾರದೊಳಗೆ ಯಾರಿಗಾದ್ರೂ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಮೈ ಕೈ ನೋವು ಬಂದ್ರೆ ಡಾಕ್ಟರ್ ಹತ್ರ ಮೊದಲು ಹೇಳ್ಬೇಕಾದ್ದು ಸಾಗರದ ಕಾಡಿನ ಕಡೆ ಹೋಗಿದ್ವಿ ಅನ್ನೋದು, ಬೆಂಗಳೂರಿನ ಕ್ಲಿನಿಕ್ಕಲ್ಲಿ ಅವರಾಗೇ ಅದನ್ನ ಊಹಿಸಲ್ಲ.

ಹಿನ್ನೀರಿನ ಬಗ್ಗೆ. ಅದು ಕೆರೆ ಥರ ಶಾಂತವಾಗಿ ಕಾಣುತ್ತೆ, ಆದ್ರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಗುಡ್ಡ, ಕಾಡು, ಊರುಗಳೇ ಅದರ ತಳ. ಎರಡು ಹೆಜ್ಜೆ ಮೊಣಕಾಲುದ್ದ, ಮೂರನೇ ಹೆಜ್ಜೆ ಆಳ, ಕಾಲಿಗೆ ಮರದ ಬೊಡ್ಡೆ ಸಿಗುತ್ತೆ. ನೀರು ಇಳಿದ ಜಾಗದ ಕೆಸರು ಮೇಲೆ ಒಣಗಿ ಬಿರುಕು ಬಿಟ್ಟಿರುತ್ತೆ, ಗಟ್ಟಿ ಅನ್ಕೊಂಡು ಕಾಲಿಟ್ರೆ ಹೂತುಕೊಳ್ಳುತ್ತೆ. ಮಕ್ಕಳಿಬ್ಬರಿಗೂ ಅವರ ತೂಕಕ್ಕೆ ಸರಿಯಾದ ಲೈಫ್ ಜಾಕೆಟ್ ಬಾಡಿಗೆಗೆ ತನ್ನಿ, ಸಣ್ಣವನದ್ದಕ್ಕೆ ತೊಡೆ ನಡುವೆ ಹಾಯೋ ಬೆಲ್ಟ್ ಇರಬೇಕು, ಇಲ್ದಿದ್ರೆ ನೀರಲ್ಲಿ ತಲೆ ಮೇಲಿಂದ ಜಾರಿ ಹೋಗುತ್ತೆ. ಗಾಳಿ ಟ್ಯೂಬ್, ತೋಳಿಗೆ ಹಾಕೋ ಗಾಳಿ ಪಟ್ಟಿ ಆಟದ ಸಾಮಾನು, ಜೀವ ಉಳಿಸೋ ಸಾಮಾನಲ್ಲ. ದಂಡೆಗೆ ಹೋದಾಗಲೇ ಹಾಕ್ಸಿ, ನೀರಿಗೆ ಇಳಿಯೋವಾಗ ಅಲ್ಲ. ಟೆಂಟನ್ನ ನೀರಿಂದ ದೂರ, ಎತ್ತರದಲ್ಲಿ ಹಾಕಿ, ರಾತ್ರಿ ಎದ್ದ ಮಗು ನಡ್ಕೊಂಡು ನೀರಿಗೆ ತಲುಪೋ ಹಾಗಿರಬಾರದು. ಹಾಕೋ ಮುಂಚೆ ಒಂದು ಸಲ ತಲೆ ಎತ್ತಿ ನೋಡಿ, ಒಣಗಿದ ಕೊಂಬೆ, ಹೆಜ್ಜೇನು ಎರಡೂ ಇರಬಾರದು. ಇನ್ನೊಂದು, ದಂಡೆಯ ಜಾಗ ಸ್ನೇಹಿತರದ್ದೋ ಅರಣ್ಯ ಇಲಾಖೆಯದ್ದೋ ಕೇಳಿಕೊಳ್ಳಿ, ಇಲಾಖೆಯದ್ದಾದ್ರೆ ಪರ್ಮಿಷನ್ ಇಲ್ದೆ ರಾತ್ರಿ ಇರೋ ಹಾಗಿಲ್ಲ.

ಕುಡಿಯೋಕೆ ಅಡುಗೆಗೆ ಅಂತ 20 ಲೀಟರಿನ ಮೂರು ಕ್ಯಾನ್ ಸಾಕು, ಡಿಕ್ಕಿಯಲ್ಲಿ ಎಲ್ಲಕ್ಕಿಂತ ಕೆಳಗೆ, ಸೀಟಿಗೆ ಒತ್ತಿ ಇಡಿ. ತೋಟದ ಬಾವಿ ನೀರು ಚೆನ್ನಾಗಿದ್ರೂ ಮಕ್ಕಳಿಗೆ ಕುದಿಸಿ ಕೊಡಿ. ಸಣ್ಣ ಗ್ಯಾಸ್ ಡಬ್ಬಿ ಹಾಕೋ ಸ್ಟವ್ ತಗೊಂಡ್ರೆ ಅದರ ಮೇಲೆ ಅಗಲದ ತವಾ ಇಡಬೇಡಿ, ತವಾದ ಶಾಖ ಡಬ್ಬಿಗೆ ಹೊಡೆದ್ರೆ ಅದು ಸಿಡಿಯುತ್ತೆ. ಮೊದಲ ರಾತ್ರಿ ಊಟ ಮನೆಯಿಂದಲೇ ಕಟ್ಕೊಂಡು ಹೋಗಿ, ಚಪಾತಿ, ಪುಳಿಯೋಗರೆ ಏನಾದ್ರೂ ಸರಿ, ಕತ್ತಲಲ್ಲಿ ಟೆಂಟೂ ಕಟ್ಟಿ ಅಡುಗೆನೂ ಮಾಡೋದು ಮಕ್ಕಳಿರೋರಿಗೆ ಆಗದ ಮಾತು.

ಔಷಧಿ ಡಬ್ಬಿ ಉದ್ದ ಮಾಡ್ಬೇಡಿ. ಮಕ್ಕಳ ಪ್ಯಾರಾಸಿಟಮಾಲ್, ಅವರ ತೂಕಕ್ಕೆ ಎಷ್ಟು ಅಂತ ನಿಮ್ಮ ಡಾಕ್ಟರ್ ಹತ್ರ ಕೇಳಿ ಬಾಟಲ್ ಮೇಲೇ ಬರ್ದು. ಓಆರ್‌ಎಸ್, ದೊಡ್ಡ ಪ್ಯಾಕೆಟ್ ಆದ್ರೆ ಇಡೀ ಪ್ಯಾಕೆಟ್‌ಗೆ ಒಂದು ಲೀಟರ್ ನೀರು, ಲೋಟಕ್ಕೆ ಅಂದಾಜಲ್ಲಿ ಚೂರು ಸುರಿಯೋದಲ್ಲ, ಗಟ್ಟಿಯಾದ್ರೆ ಮಗುಗೆ ತೊಂದ್ರೆನೇ. ಬ್ಯಾಂಡೇಜ್, ಆಂಟಿಸೆಪ್ಟಿಕ್, ಚಿಮಟ, ಎಲಾಸ್ಟಿಕ್ ಕ್ರೇಪ್ ಬ್ಯಾಂಡೇಜ್ ಒಂದು. ಅತ್ತೆಯವರ ಬಿಪಿ ಮಾತ್ರೆ ಎರಡು ದಿನ ಜಾಸ್ತಿನೇ ಇರ್ಲಿ, ಅರ್ಧ ಅವರ ಬ್ಯಾಗಲ್ಲಿ ಅರ್ಧ ನಿಮ್ಮ ಬ್ಯಾಗಲ್ಲಿ. ಈ ಡಬ್ಬಿ, ಹೆಡ್ ಟಾರ್ಚ್, ಮಲಗೋ ಬಟ್ಟೆ, ನೀರಿನ ಬಾಟಲ್, ಒಂದು ಹಳೇ ಟವೆಲ್, ಎರಡು ಪ್ಲಾಸ್ಟಿಕ್ ಕವರ್ ಎಲ್ಲ ಸೇರಿ ಒಂದೇ ಬ್ಯಾಗ್, ಅದು ಡಿಕ್ಕಿಗೆ ಹೋಗಲ್ಲ, ನಿಮ್ಮ ಕಾಲ ಹತ್ರ ಇರುತ್ತೆ, ರಾತ್ರಿ ನಿಮ್ಮ ತಲೆ ಹತ್ರ ಇರುತ್ತೆ.

ಕೊನೆಗೆ ಅತ್ತೆಯವರು. ಕರ್ಕೊಂಡು ಹೋಗಿ, ಆದ್ರೆ ಅವರ ಕಷ್ಟ ಮಲಗೋದಲ್ಲ, ಏಳೋದು. ನೆಲದಿಂದ ಎದ್ದು, ಬಗ್ಗಿ, ಟೆಂಟಿನ ಬಾಗಿಲಿಂದ ಹೊರಗೆ ಬರೋದು ನೋವಿರೋ ಮಂಡಿಗೆ ದಿನಕ್ಕೆ ಒಂದೆರಡು ಸಲವೂ ಜಾಸ್ತಿ. ಒಂದು ದಾರಿ, ನಿಂತ್ಕೊಳೋಷ್ಟು ಎತ್ತರದ ಟೆಂಟ್ ಬಾಡಿಗೆಗೆ ತಂದು ಮಡಚೋ ಮಂಚ ಹಾಕೋದು. ಮಂಚ ಅಂದ ಮೇಲೆ ಚಳಿ ಇಲ್ಲ ಅಂತಲ್ಲ, ಅದರ ಕೆಳಗೆ ಗಾಳಿ ಆಡುತ್ತೆ, ಅದರ ಮೇಲೂ ಫೋಮ್ ಮ್ಯಾಟ್ ಬೇಕು. ಬಾಗಿಲ ಪಕ್ಕ ಒಂದು ಗಟ್ಟಿ ಪ್ಲಾಸ್ಟಿಕ್ ಚೇರ್ ಇಡಿ, ಹಿಡ್ಕೊಂಡು ಏಳೋಕೆ. ಇದರ ತೊಂದ್ರೆ ಅಂದ್ರೆ ಟಾಯ್ಲೆಟ್, ಕತ್ತಲಲ್ಲಿ ಇಳಿಜಾರಲ್ಲಿ ಬಿದ್ರೆ ಆ ವಯಸ್ಸಿಗೆ ದೊಡ್ಡ ಪೆಟ್ಟು. ಇನ್ನೊಂದು ದಾರಿ, ಅವರು ಸ್ನೇಹಿತರ ಮನೆ ಒಳಗೆ ಮಲಗೋದು, ನೀವು ಅಂಗಳದಲ್ಲಿ ಟೆಂಟ್ ಹಾಕೋದು. ಅಜ್ಜಿನ ಬಿಟ್ಟು ನಾವು ಮಜಾ ಮಾಡಿದ್ವಿ ಅನ್ನೋ ಭಾವನೆ ಬರಲ್ಲ, ಬೆಳಗ್ಗೆ ಕಾಫಿಗೆ ಎಲ್ಲರೂ ಜೊತೆಗಿರ್ತೀರಿ, ನಾಲ್ಕು ವರ್ಷದವನು ರಾತ್ರಿ ಹಠ ಮಾಡಿದ್ರೆ ಅವನನ್ನೂ ಒಳಗೆ ಕಳಿಸಬಹುದು. ನಾನು ಇದನ್ನೇ ಆರಿಸ್ಕೊಳ್ತೀನಿ, ದಂಡೆಗೆ ಹಗಲು ಹೋಗಿ ಬಂದ್ರಾಯ್ತು. ಒಂದೇ ಸಮಸ್ಯೆ, ಜನವರಿಯಲ್ಲಿ ಅಡಿಕೆ ಕೊಯ್ಲು ನಡೀತಿರುತ್ತೆ, ಅಂಗಳದ ತುಂಬ ಅಡಿಕೆ ಹರವಿರಬಹುದು, ಹಾಗಾಗಿ ಎರಡು ಟೆಂಟಿಗೆ ಜಾಗ ಎಲ್ಲಿ ಬಿಡ್ತಾರೆ ಅಂತ ಈಗಲೇ ಫೋನ್ ಮಾಡಿ ಕೇಳಿ. ಎರಡು ದಾರಿನೂ ಅತ್ತೆಯವರ ಮುಂದೆ ಇಟ್ಟು ಅವರನ್ನೇ ಕೇಳಿ, ತಾರಸಿ ಮೇಲೆ ಟೆಂಟ್ ಕಟ್ಟಿದ ದಿನ ಒಂದು ಸಲ ಒಳಗೆ ಹೋಗಿ ಎದ್ದು ಬರೋಕೆ ಹೇಳಿ, ಅದನ್ನ ನೋಡಿದ್ರೆ ಅವರಿಗೂ ನಿಮಗೂ ಗೊತ್ತಾಗುತ್ತೆ.